ಸ್ಯಾಟಲೈಟ್ ಯಾರ್ರೀ, ಸ್ಯಾಟಲೈಟ್!

ಮಂಡ್ಯ, ಮದ್ದೂರು ಕಡೆಯಿಂದ ಬರುವ ಬಸ್ಸು ನಾಯಂಡಹಳ್ಳಿ ದಾಟಿತೆಂದರೆ ಕಂಡಕ್ಟರ್ ಸೀಟಿನಿಂದ ಏಳುತ್ತಾರೆ. "ಸ್ಯಾಟಲೈಟ್ ಯಾರ್ರೀ, ಸ್ಯಾಟಲೈಟ್! ಲಗೇಜ್ ಇರೋರು ಮುಂದೆ ಬನ್ನಿ." ಮಲಗಿದ್ದವರು ಎದ್ದು ಚಪ್ಪಲಿ ಹುಡುಕುತ್ತಾರೆ, ಅರ್ಧ ಬಸ್ಸು ಅಲ್ಲೇ ಖಾಲಿಯಾಗುತ್ತದೆ. ಆ ಕೂಗು ಕೇಳಿ ತಲೆಯೆತ್ತಿ ಆಕಾಶ ನೋಡುವವರು ಯಾರೂ ಇಲ್ಲ. ಈ ಕಡೆಯ ಬೆಂಗಳೂರಿನಲ್ಲಿ ಸ್ಯಾಟಲೈಟ್ ಎಂದರೆ ಮೊದಲು ನೆನಪಾಗುವುದು ಬ್ಯಾಟರಾಯನಪುರದ ಬಸ್ ಸ್ಟ್ಯಾಂಡು.

ನಮ್ಮ ಪಕ್ಕದ ಮನೆಯಮ್ಮನ ತಂಗಿ ಮಗನನ್ನು ಮೋಸಗೊಳಿಸಿದ್ದು ಇದೇ ಕೂಗು. ಹುಡುಗ ಮಂಡ್ಯದವನು, ಬೆಂಗಳೂರಿಗೆ ಒಬ್ಬನೇ ಬಂದದ್ದು ಇದೇ ಮೊದಲು. "ಕೆಂಗೇರಿ ಸ್ಯಾಟಲೈಟ್ ಟೌನ್‌ನಲ್ಲಿ ಇಳಿ" ಎಂದು ಫೋನಿನಲ್ಲಿ ಹೇಳಿದ್ದರು. ಅವನ ಕಿವಿಯಲ್ಲಿ ಉಳಿದದ್ದು ನಡುವಿನ ಆ ಒಂದು ಮಾತು. ಕೆಂಗೇರಿ ಬಂದಾಗ ನಿದ್ದೆಯಲ್ಲಿದ್ದ. ಕಂಡಕ್ಟರ್ ಕೂಗಿಗೆ ಎಚ್ಚರವಾಗಿ ಇಳಿದರೆ ಏಳೆಂಟು ಕಿಲೋಮೀಟರ್ ಮುಂದೆ ಬಂದಿದ್ದ. ದೀಪಾಂಜಲಿನಗರದಲ್ಲಿ ಮೆಟ್ರೊ ಹತ್ತಿ ಬಂದ ದಾರಿಯಲ್ಲೇ ವಾಪಸ್ಸು ಬಂದ.

ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯಮ್ಮ ಕಾಂಪೌಂಡ್ ಗೋಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ತವರು ಮಾಗಡಿ, ಹಾಗಾಗಿ ಪುಷ್ಯದಲ್ಲಿ ಅವರ ಮನೆಗೆ ಅವರೆ ಮೂಟೆಯಲ್ಲೇ ಬರುತ್ತದೆ. ಸೊಗಡು ಗೋಡೆಯ ಈಚೆ ನಮ್ಮ ಜಗಲಿಯವರೆಗೂ ಹಬ್ಬಿತ್ತು. ಸಿಪ್ಪೆಯ ಎಣ್ಣೆ ಹತ್ತಿ ಅಂಟಂಟಾದ ಬೆರಳು ಎತ್ತಿ ನನ್ನನ್ನು ತಡೆದರು.

"ಅಲ್ಲ ಮೇಷ್ಟ್ರೇ, ಒಂದೇ ರೋಡಿಗೆ ಎರಡೆರಡು ಸ್ಯಾಟಲೈಟ್ ಇಟ್ಟವ್ರಲ್ಲ, ಹೊಸಬರು ಏನು ಮಾಡಬೇಕು? ಮೇಲೆ ಹಾರೋದಕ್ಕೂ ಅದೇ ಹೆಸರು. ನಮ್ಮತ್ತೆ ಇರೋವರೆಗೂ ಅದು ‘ಲೈಟು’ ಅಂತಾನೇ ತಿಳ್ಕೊಂಡಿದ್ರು, ಬಸ್ ಸ್ಟ್ಯಾಂಡಿನಾಗೆ ಯಾವುದೋ ದೊಡ್ಡ ದೀಪ ಐತೆ ಅಂತ. ಆ ಮಾತಿಗೆ ಅರ್ಥನಾದ್ರೂ ಏನು?"

"ಬಂಟ ಅಂತ ತಾಯಿ" ಎಂದೆ.

ಅವರ ಕೈ ನಿಂತಿತು. "ಬಂಟ ಅಂದ್ರೆ? ಹನುಮಂತನಿಗೆ ಹೇಳ್ತೀವಲ್ಲ, ರಾಮನ ಬಂಟ ಅಂತ, ಆ ಬಂಟನಾ?"

ಅದೇ ಬಂಟ. ಲ್ಯಾಟಿನ್ ಭಾಷೆಯಲ್ಲಿ ‘ಸಟೆಲ್ಲೆಸ್’ ಎಂದರೆ ದೊರೆಯ ಮೈಗಾವಲಿನವನು. ದೊರೆ ಕೂತರೆ ಪಕ್ಕದಲ್ಲಿ ನಿಲ್ಲುವವನು, ನಡೆದರೆ ಜೊತೆಗೆ ನಡೆಯುವವನು. ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಬಂದಾಗಲೂ ಅದು ದೊಡ್ಡವರ ಹಿಂದೆಮುಂದೆ ಇರುವ ಪರಿವಾರದವರನ್ನೇ ಹೇಳುತ್ತಿತ್ತು. ಆಕಾಶಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆ ಸಂಬಂಧ ಕಟ್ಟಿದವರು ಯೊಹಾನ್ನೆಸ್ ಕೆಪ್ಲರ್. 1610ರ ಜನವರಿಯಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಗುರುಗ್ರಹದ ಪಕ್ಕ ನಾಲ್ಕು ಚುಕ್ಕೆ ಕಂಡ. ರಾತ್ರಿಯಿಂದ ರಾತ್ರಿಗೆ ಅವು ಜಾಗ ಬದಲಿಸುತ್ತಿದ್ದವು, ಗುರುವನ್ನು ಮಾತ್ರ ಬಿಟ್ಟು ಹೋಗುತ್ತಿರಲಿಲ್ಲ. ತನಗೆ ಆಶ್ರಯ ಬೇಕಿದ್ದ ಮೆಡಿಚಿ ಮನೆತನದ ಹೆಸರನ್ನು ಗೆಲಿಲಿಯೊ ಅವಕ್ಕೆ ಇಟ್ಟ. ಕೆಪ್ಲರ್ ಆಗ ಪ್ರಾಗ್ ನಗರದಲ್ಲಿ ಚಕ್ರವರ್ತಿಯ ಆಸ್ಥಾನ ಗಣಿತಜ್ಞ. ತಾನೂ ಒಂದು ದೂರದರ್ಶಕ ಹಿಡಿದು ನೋಡಿ, ಹೌದು ಇವೆ ಎಂದು ಖಾತ್ರಿ ಮಾಡಿಕೊಂಡು, 1611ರಲ್ಲಿ ಅಚ್ಚಾದ ತನ್ನ ಕಿರುಹೊತ್ತಗೆಯಲ್ಲಿ ಅವನ್ನು ಗುರುವಿನ ಸಟೆಲ್ಲೆಸ್ ಎಂದು ಕರೆದ. ಅರಮನೆಯಲ್ಲಿ ಓಡಾಡುವವರಿಗೆ ಇದಕ್ಕಿಂತ ಸರಿಯಾದ ಮಾತು ಹೊಳೆಯಲು ಸಾಧ್ಯವಿರಲಿಲ್ಲ. ನಡುವೆ ದೊರೆ, ಸುತ್ತಲೂ ಬಂಟರು. ಅಂದಿನಿಂದ ಈ ಪದ ಮೇಲೆ ಹತ್ತಿತು. 1957ರ ಅಕ್ಟೋಬರ್ 4ರಂದು ರಷ್ಯನ್ನರು 83 ಕಿಲೋ ಚಿಲ್ಲರೆ ತೂಕದ ಗುಂಡನ್ನು ಹಾರಿಸಿದಾಗ ಮನುಷ್ಯ ಮಾಡಿದ ವಸ್ತುವಿಗೂ ಅದೇ ಹೆಸರು ನಿಂತಿತು. ರಷ್ಯನ್ನರು ಇಟ್ಟ ‘ಸ್ಪುಟ್ನಿಕ್’ ಎಂಬ ಹೆಸರಿಗೆ ಜೊತೆಯ ಪಯಣಿಗ ಎಂದರ್ಥ. ನನಗೆ ಆ ಹೆಸರು ಬಹಳ ಇಷ್ಟ. ಬಂಟನಿಗೆ ಒಡೆಯ ಬೇಕು, ಪಯಣಿಗನಿಗೆ ಜೊತೆ ಇದ್ದರೆ ಸಾಕು.

"ನಮ್ಮಲ್ಲಿ ಉಪಗ್ರಹ ಅಂತಾರಲ್ಲ" ಎಂದರು ಆಕೆ.

ಉಪಗ್ರಹ ಎಂಬ ಮಾತಿನ ಕಥೆ ಬೇರೆಯೇ. ಜ್ಯೋತಿಷದವರ ಬಾಯಲ್ಲಿ ಅದು ಹಿಂದಿನಿಂದಲೂ ಇತ್ತು. ಗುಳಿಕ, ಮಾಂದಿ, ಧೂಮ ಇವೆಲ್ಲ ಅವರ ಲೆಕ್ಕದಲ್ಲಿ ಉಪಗ್ರಹಗಳು. ಕಣ್ಣಿಗೆ ಕಾಣುವಂಥವಲ್ಲ, ಗಣಿತದಿಂದ ಹಿಡಿಯಬೇಕಾದವು. ನಮ್ಮೆಲ್ಲರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಪಕ್ಕ ಗುಳಿಕಕಾಲ ಎಂದು ಇರುತ್ತದಲ್ಲ, ಆ ಗುಳಿಕನೇ ಇವನು. ಚಂದ್ರ ಅಲ್ಲಿ ಪೂರ್ತಿ ಗ್ರಹ, ಉಪಗ್ರಹವಲ್ಲ. ವಿಜ್ಞಾನ ಬರೆಯುವವರು ಆ ಹಳೆಯ ಮಾತನ್ನು ಎತ್ತಿಕೊಂಡು ಹೊಸ ಅರ್ಥ ತುಂಬಿದರು, ಚಂದ್ರನಿಗೆ ಗ್ರಹದ ಸ್ಥಾನ ತಪ್ಪಿ ಉಪಗ್ರಹದ ಸ್ಥಾನ ಬಂತು. ಆಕೆ ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದರು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತಕ್ಕೆ ಗುಳಿಕ. "ಹಂಗಾದ್ರೆ ನಾವು ಇಬ್ರೂ ಈಗ ಉಪಗ್ರಹದ ಟೈಮ್‌ನಾಗೇ ಮಾತಾಡ್ತಿದ್ದೀವಿ" ಎಂದು ಮತ್ತೆ ಮೊರ ಎಳೆದುಕೊಂಡರು.

ಬಸ್ ಸ್ಟ್ಯಾಂಡಿನ ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕೆಂದಿದ್ದದ್ದೇ ಅದು. ಕೆಂಪೇಗೌಡ ಬಸ್ ನಿಲ್ದಾಣವನ್ನು ನಾವೆಲ್ಲ ಕರೆಯುವುದು ಮೆಜೆಸ್ಟಿಕ್ ಎಂದು. ಒಂದು ಕಾಲದ ಮೆಜೆಸ್ಟಿಕ್ ಟಾಕೀಸಿನಿಂದ ಇಡೀ ಪ್ರದೇಶಕ್ಕೆ ಬಂದ ಹೆಸರು ಅದು. ಟಾಕೀಸು ಹೋಯಿತು, ಹೆಸರು ಉಳಿಯಿತು. ಮೆಜೆಸ್ಟಿಕ್ ಎಂದರೆ ರಾಜಗಾಂಭೀರ್ಯ, ದೊರೆತನ. ಮೆಜೆಸ್ಟಿಕ್ಕಿನ ನೂಕುನುಗ್ಗಲು ತಡೆಯಲಾರದೆ ಮೈಸೂರು ಕಡೆಯ ಬಸ್ಸುಗಳಿಗೆ ಬೇರೆ ನಿಲ್ದಾಣ ಮಾಡಿ ಅದಕ್ಕೆ ಸ್ಯಾಟಲೈಟ್ ಎಂದು ಹೆಸರಿಟ್ಟರು. ದೊರೆಗೆ ಒಬ್ಬ ಬಂಟ ಸಿಕ್ಕ. ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಯಾವ ಅರ್ಥದಲ್ಲಿ ಆ ಮಾತು ಆಡುತ್ತಿದ್ದರೋ ಸರಿಯಾಗಿ ಅದೇ ಅರ್ಥದಲ್ಲಿ ಅದು ಮೈಸೂರು ರಸ್ತೆಯಲ್ಲಿ ಬಂದು ನಿಂತಿದೆ. ಯಾರೂ ಯೋಚಿಸಿ ಮಾಡಿದ್ದಲ್ಲ, ಹಾಗಾಗಿಯೇ ನನಗೆ ಇಷ್ಟು ಸಂತೋಷ.

ಅಷ್ಟೇ ಅಲ್ಲ. ಆ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಗಾಳಿ ಆಂಜನೇಯನ ಗುಡಿ ಇದೆ. ವ್ಯಾಸರಾಯರು ಪ್ರತಿಷ್ಠಾಪಿಸಿದ್ದು ಎಂದು ನಂಬಿಕೆ. ಶನಿವಾರ ಬೆಳಿಗ್ಗೆ ಹೋದರೆ ಹೊಸ ಸ್ಕೂಟರು, ಕಾರು, ಆಟೊ ಎಲ್ಲ ಹೂವಿನ ಹಾರ ಹಾಕಿಕೊಂಡು ಸಾಲಾಗಿ ನಿಂತಿರುತ್ತವೆ. ಚಕ್ರದಡಿಗೆ ನಿಂಬೆಹಣ್ಣು, ಬಾನೆಟ್ ಮೇಲೆ ಕುಂಕುಮ. ಪಶ್ಚಿಮ ಬೆಂಗಳೂರಿನ ಗಾಡಿಗಳು ರಸ್ತೆಗಿಳಿಯುವ ಮೊದಲು ರಾಮನ ಬಂಟನ ಮುಂದೆ ಒಮ್ಮೆ ನಿಂತು ಹೋಗುತ್ತವೆ. ಸಟೆಲ್ಲೆಸ್ ಎಂಬುದಕ್ಕೆ ನಮ್ಮ ನಾಡಿನಲ್ಲಿ ಯಾರನ್ನು ತೋರಿಸಲಿ ಎಂದು ಕೇಳಿದರೆ ನಾನು ಆ ಗುಡಿಯೊಳಗೆ ಕರೆದುಕೊಂಡು ಹೋಗುತ್ತೇನೆ.

ಈ ಪದಕ್ಕೆ ಇನ್ನೊಂದು ಮುಖವೂ ಇದೆ ಎನ್ನಬೇಕು. ಲ್ಯಾಟಿನ್ನಿನಲ್ಲೇ ಅದು ಒಮ್ಮೊಮ್ಮೆ ಕೆಟ್ಟ ಕೆಲಸಕ್ಕೆ ಜೊತೆಯಾಗುವವನು ಎಂಬ ಅರ್ಥಕ್ಕೂ ಇಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಮಾಸ್ಕೋ ಹೇಳಿದಂತೆ ನಡೆಯುವ ಪೂರ್ವ ಯೂರೋಪಿನ ದೇಶಗಳನ್ನು ಪತ್ರಿಕೆಗಳು ಸ್ಯಾಟಲೈಟ್ ದೇಶಗಳು ಎಂದವು. ಅಲ್ಲಿ ಬಂಟತನ ಹೋಗಿ ಬಾಲಬಡುಕತನ ಉಳಿಯಿತು. ನಮ್ಮ ಭಾಷೆ ಇವೆರಡಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದೆ. ಬಂಟ ಎಂದರೆ ಗೌರವ, ಚೇಲಾ ಎಂದರೆ ಬೈಗುಳ. ಇಂಗ್ಲಿಷು ಎರಡನ್ನೂ ಒಂದೇ ಪದದ ಹೆಗಲಿಗೆ ಹೊರಿಸಿದೆ.

"ಹಂಗಾದ್ರೆ ನಮ್ಮ ಕೆಂಗೇರಿ ಯಾವುದು, ಬಂಟನೋ ಚೇಲಾನೋ?"

ಅದಕ್ಕೆ ಉತ್ತರ ಹೇಳಲು ಊರು ಕಟ್ಟುವವರ ಲೆಕ್ಕಾಚಾರ ಸ್ವಲ್ಪ ಹೇಳಬೇಕಾಯಿತು. ದೊಡ್ಡ ಊರು ಬೆಳೆದು ಉಸಿರು ಕಟ್ಟಿದಾಗ ಏನು ಮಾಡಬೇಕೆಂದು ಇಂಗ್ಲೆಂಡಿನ ಎಬಿನೀಜರ್ ಹೋವರ್ಡ್ 1898ರಲ್ಲಿ ಒಂದು ದಾರಿ ಬರೆದರು. ಊರಿನ ಅಂಚನ್ನೇ ಎಳೆದು ಎಳೆದು ಬೆಳೆಸಬೇಡಿ. ನಡುವೆ ಹೊಲ ತೋಟ ಬಿಟ್ಟು, ಆಚೆ ಹೊಸ ಚಿಕ್ಕ ಊರು ಕಟ್ಟಿ, ಕೆಲಸ, ಮನೆ, ಶಾಲೆ, ಅಂಗಡಿ ಎಲ್ಲ ಅಲ್ಲೇ ಇರಲಿ. 1915ರಲ್ಲಿ ಅಮೆರಿಕದ ಗ್ರಹಾಂ ಟೇಲರ್ ಕೈಗಾರಿಕಾ ಊರುಗಳ ಬಗ್ಗೆ ಪುಸ್ತಕ ಬರೆದು ಅಂಥ ಊರುಗಳಿಗೆ ಸ್ಯಾಟಲೈಟ್ ಸಿಟಿ ಎಂಬ ಹೆಸರು ಕೊಟ್ಟರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಆ ಜಾತಿಯವಲ್ಲ. ಅವು ಬಡಾವಣೆಗಳು, ಹಳಬರ ಬಾಯಲ್ಲಿ ಎಕ್ಸ್‌ಟೆನ್ಷನ್‌ಗಳು. ಇದ್ದ ಊರಿಗೇ ಅಂಟಿಕೊಂಡು ಬೆಳೆದವು. ಕೆಂಗೇರಿ ಉಪನಗರಕ್ಕೆ ಆ ಹೆಸರು ಒಪ್ಪಿದ್ದು ನಡುವೆ ಬಯಲು ಇದ್ದ ಕಾಲದಲ್ಲಿ. ಅತ್ತ ನಾಯಂಡಹಳ್ಳಿ, ಇತ್ತ ಕೆಂಗೇರಿ, ಮಧ್ಯೆ ವೃಷಭಾವತಿ, ಹೊಲ, ತೋಪು. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಬಂದಾಗ ಊರು ಬಿಟ್ಟು ಬಹಳ ದೂರ ಹೋಯಿತೆಂದು ಜನ ಅಂದುಕೊಂಡರು.

ಈಗ ಆ ಬಯಲು ಎಲ್ಲಿದೆ? ಜ್ಞಾನಭಾರತಿಯ ಮರಗಳಷ್ಟೇ ಉಳಿದ ಹಸಿರು. 2007ರಲ್ಲಿ ಕೆಂಗೇರಿ ಪುರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2021ರ ಆಗಸ್ಟ್ ಕೊನೆಗೆ ಕೆಂಗೇರಿಯವರೆಗೆ ನೇರಳೆ ಮೆಟ್ರೊ ಬಂತು, 2023ರ ಅಕ್ಟೋಬರಿನಲ್ಲಿ ಅದೂ ದಾಟಿ ಚಲ್ಲಘಟ್ಟಕ್ಕೆ ಹೋಯಿತು. ಸುತ್ತಬೇಕಾದ್ದು ಬಂದು ಅಂಟಿಕೊಂಡರೆ ಅದನ್ನು ಸ್ಯಾಟಲೈಟ್ ಎನ್ನುವುದಾದರೂ ಹೇಗೆ? ಹೋವರ್ಡ್ ಬಿಡಿ ಎಂದ ಜಾಗವನ್ನೇ ನಾವು ಬಿಡಲಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಯೋಜನೆಯಲ್ಲಿ ಮನೆ, ರಸ್ತೆ ಎಲ್ಲಕ್ಕಿಂತ ಬೆಲೆಬಾಳುವುದು ಖಾಲಿ ಜಾಗ, ಮೊದಲು ಮಾಯವಾಗುವುದೂ ಅದೇ. ಇನ್ನೊಂದು ಮಾತು: ಉಪನಗರ ಸ್ಯಾಟಲೈಟ್ ಇರಬಹುದು, ಹಳೆಯ ಕೆಂಗೇರಿ ಯಾರ ಸ್ಯಾಟಲೈಟೂ ಅಲ್ಲ. ಅದು ತನ್ನಷ್ಟಕ್ಕೆ ತಾನು ಹೋಬಳಿ ಕೇಂದ್ರವಾಗಿ, 1880ರ ದಶಕದ ಶುರುವಿನಲ್ಲೇ ಮೈಸೂರು ರೈಲು ಕಂಡ ಊರು.

ಅವರೆಕಾಯಿ ಅರ್ಧ ಮೊರ ಮುಗಿದಿತ್ತು. ಅವರ ಯಜಮಾನರು ಗೇಟಿನ ಬಳಿ ಪೇಪರ್ ಹಿಡಿದು ನಿಂತವರು ಅಷ್ಟರಲ್ಲಿ ಗೋಡೆಯ ಹತ್ತಿರಕ್ಕೇ ಬಂದರು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. "ಮೇಷ್ಟ್ರೇ, ಬಸ್ ಸ್ಟ್ಯಾಂಡು ಸರಿ, ಊರು ಸರಿ. ನಿಜವಾದ ಸ್ಯಾಟಲೈಟು ಮಾಡಿದ್ದು ನಮ್ಮ ಪೀಣ್ಯದಲ್ಲಿ. ಅದನ್ನ ಹೇಳಿ ಇವಳಿಗೆ."

ಹೇಳದಿದ್ದರೆ ಹೇಗೆ! ಭಾರತದ ಮೊದಲ ಉಪಗ್ರಹ ಆರ್ಯಭಟ ಹುಟ್ಟಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಸುತ್ತಮುತ್ತ ಬೋಲ್ಟು, ನಟ್ಟು, ಗೇರು ಕಡೆಯುವ ಕಾರ್ಖಾನೆಗಳು, ನಡುವೆ ಆಕಾಶಕ್ಕೆ ಹೋಗುವ ಪೆಟ್ಟಿಗೆ. 1972ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು, ಮುಂದಾಳುತನ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರದು. ಉಪಗ್ರಹ ಎಂಬುದನ್ನು ಅದಕ್ಕೆ ಮುಂಚೆ ಕಟ್ಟಿ ಅನುಭವವಿದ್ದವರು ದೇಶದಲ್ಲಿ ಯಾರೂ ಇರಲಿಲ್ಲ. ಮೂರು ವರ್ಷದಲ್ಲಿ ರಾವ್ ಅವರ ತಂಡದ ಹುಡುಗರು ಕಟ್ಟಿ ಮುಗಿಸಿದರು. 360 ಕಿಲೋ ತೂಕ, 26 ಮುಖ, ಮೇಲಿನದ್ದು ಕೆಳಗಿನದ್ದು ಬಿಟ್ಟು ಉಳಿದೆಲ್ಲ ಮುಖಗಳಿಗೂ ಸೌರಕೋಶಗಳ ಹೊದಿಕೆ. 1975ರ ಏಪ್ರಿಲ್ 19ರಂದು ರಷ್ಯದ ಕಪುಸ್ತಿನ್ ಯಾರ್ ಎಂಬಲ್ಲಿಂದ ಅದು ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಾಗಿ ಒಳಗಿನ ಪ್ರಯೋಗಗಳು ನಿಂತವು ನಿಜ. ಆದರೆ ಕಟ್ಟುವುದು, ಹಾರಿಸುವುದು, ಭೂಮಿಯಿಂದ ಮಾತಾಡಿಸುವುದು ಎಲ್ಲ ಕೈಗೆ ಬಂತು. 1992ರ ಫೆಬ್ರುವರಿಯಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಗುವವರೆಗೆ ಆರ್ಯಭಟ ನಮ್ಮನ್ನು ಸುತ್ತುತ್ತಲೇ ಇತ್ತು.

ಯಜಮಾನರು ಒಳಗೆ ಹೋಗಿ ಹಳೆಯ ಪರ್ಸಿನಿಂದ ಎರಡು ರೂಪಾಯಿಯ ನೋಟೊಂದನ್ನು ತಂದು ಗೋಡೆಯ ಮೇಲೆ ಇಟ್ಟರು. ಮಡಚಿದ ಕಡೆ ಸವೆದು ಬೆಳಕು ಕಾಣುವಂತಾಗಿದೆ. ಹಿಂಬದಿಯಲ್ಲಿ, ಭೂಮಿಯ ಮೇಲೆ ತೇಲುವ ಹಾಗೆ, ಪಟ್ಟಿಪಟ್ಟಿಯಾದ ಬಹುಮುಖದ ಗುಂಡು. ಆರ್ಯಭಟನೇ ಅದು. ಹುಲಿ ಇರುವ ಹಳೆಯ ನೋಟು ಜನರಿಗೆ ಹೆಚ್ಚು ನೆನಪು. ಆರ್ಯಭಟನ ನೋಟು ಕೈಯಿಂದ ಕೈಗೆ ಎಷ್ಟು ಓಡಾಡಿತ್ತೆಂದರೆ ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. "ಪೀಣ್ಯಕ್ಕೆ ಹೋಗೋ ಬಸ್ಸಿಗೆ ಇದೇ ನೋಟು ಕೊಟ್ಟು ಟಿಕೆಟ್ ತಗೊಂಡಿದ್ದೀನಿ ಸಾರ್. ಅಲ್ಲಿ ಮಾಡಿದ್ದರ ಚಿತ್ರ ಅಲ್ಲಿಗೇ ಹೋಗೋ ಬಸ್ಸಲ್ಲಿ" ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು, ಇರಬೇಕಾದ್ದೇ.

1981ರಲ್ಲಿ ಹಾರಿದ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹದ ಗಾಡಿ ಅಡ್ಡಿಯಾಗುತ್ತದೆಂದು ಅದನ್ನು ಎತ್ತಿನ ಗಾಡಿಯ ಮೇಲೆ ಬಯಲಿಗೆ ಸಾಗಿಸಿದ ಫೋಟೊ ಎಲ್ಲರೂ ನೋಡಿದ್ದೇವೆ. ಬಡತನದ ಚಿತ್ರವೆಂದು ಅದನ್ನು ತೋರಿಸುವವರಿದ್ದಾರೆ, ನನಗೆ ಅದು ಬುದ್ಧಿವಂತಿಕೆಯ ಚಿತ್ರ. ಮರದ ಗಾಡಿಯೇ ಬೇಕಿತ್ತು, ಮರದ ಗಾಡಿಯನ್ನೇ ತಂದರು.

ಆರ್ಯಭಟ ಹಾರಿದ 1975ರಲ್ಲೇ ಇನ್ನೊಂದು ಸಂಗತಿ ನಡೆಯಿತು. ಅಮೆರಿಕದವರ ಒಂದು ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಪಾಠ ತೋರಿಸಿದರು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದಲೇ ಮಾಡಿದ ದೊಡ್ಡ ತಟ್ಟೆ ಆಂಟೆನಾ, ಶಾಲೆಯ ಅಂಗಳದಲ್ಲಿ ಪೆಟ್ಟಿಗೆ, ಎದುರಿಗೆ ಇಡೀ ಊರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ರಾಯಚೂರಿನ ಹಳ್ಳಿಯ ಮಗು ಕನ್ನಡ ಟಿ.ವಿ. ನೋಡಿ ಆರು ವರ್ಷ ಕಳೆದ ಮೇಲೆ ರಾಜಾಜಿನಗರದ ಮಗುವಿನ ಸರದಿ ಬಂತು! 1994ರಲ್ಲಿ ಉದಯ ಟಿ.ವಿ. ಶುರುವಾದ ಮೇಲೆ ಗಾಂಧಿನಗರದ ಸಿನಿಮಾದವರ ಬಾಯಿಗೂ ಈ ಪದ ಹತ್ತಿತು. "ಸ್ಯಾಟಲೈಟ್ ಎಷ್ಟಕ್ಕೆ ಹೋಯ್ತು?" ಎಂದರೆ ಅಲ್ಲಿ ಟಿ.ವಿ. ಹಕ್ಕಿನ ಬೆಲೆ.

ಪೀಣ್ಯದ ಮಾತು ಹಳೆಯದಾಯಿತು ಎನ್ನುವ ಹಾಗೂ ಇಲ್ಲ. ಹಾರಿದ ಉಪಗ್ರಹಗಳನ್ನು ನೆಲದಿಂದ ಗಮನಿಸಿ ನಡೆಸುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರ ಇರುವುದು ಅಲ್ಲೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಟಿ.ವಿ.ಯಲ್ಲಿ ನಾವು ನೋಡಿದ ಚಪ್ಪಾಳೆಯ ಕೋಣೆ ಪೀಣ್ಯದ್ದು. ಅಷ್ಟು ದೂರದ ನೌಕೆಯ ಮಾತನ್ನು ಕೇಳಿಸಿಕೊಳ್ಳುವ ಕಿವಿ ಬ್ಯಾಲಾಳಿನಲ್ಲಿದೆ. ನಮ್ಮ ಕೆಂಗೇರಿ ದಾಟಿ, ದೊಡ್ಡ ಆಲದ ಮರದ ಕಡೆಯಿಂದ ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಗುಡ್ಡಗಳ ನಡುವೆ ಬೋಗುಣಿಯಂಥ ಜಾಗ, ಅಲ್ಲಿ 32 ಮೀಟರ್ ಅಗಲದ ಬಿಳಿ ತಟ್ಟೆ ಆಂಟೆನಾ. ಊರಿನ ರೇಡಿಯೊ ಗದ್ದಲವನ್ನು ಸುತ್ತಲಿನ ಗುಡ್ಡಗಳು ತಡೆಯುತ್ತವೆಂದು ಆ ಜಾಗ ಆರಿಸಿದ್ದು. 2008ರಲ್ಲಿ ಚಂದ್ರಯಾನ-1ಕ್ಕೆಂದು ಸಿದ್ಧವಾಯಿತು. ಪೀಣ್ಯ, ಬ್ಯಾಟರಾಯನಪುರ, ಕೆಂಗೇರಿ, ಬ್ಯಾಲಾಳು. ಸ್ಯಾಟಲೈಟ್ ಎಂಬ ಪದದ ಎಲ್ಲ ಅರ್ಥಗಳನ್ನೂ ಒಂದೇ ದಿನ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಊರು ಬೇರೆ ಎಲ್ಲೂ ಇರಲಾರದು ಎಂದು ನನ್ನ ನಂಬಿಕೆ.

"ಈಗ ಹೊಸದೊಂದು ರೋಡು ಮಾಡ್ತಾವ್ರಂತಲ್ಲ, ಅದಕ್ಕೂ ಸ್ಯಾಟಲೈಟ್ ಅಂತಾರೆ" ಎಂದರು ಯಜಮಾನರು.

ಸ್ಯಾಟಲೈಟ್ ಟೌನ್ ರಿಂಗ್ ರೋಡು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಎಲ್ಲವನ್ನೂ ಸೇರಿಸಿ ಬೆಂಗಳೂರಿಗೆ ಸುತ್ತು ಹಾಕುವ ಸುಮಾರು 280 ಕಿಲೋಮೀಟರಿನ ಹೆದ್ದಾರಿ. ನಾನು ಊರುಗಳ ಹೆಸರು ಹೇಳುತ್ತಾ ಹೋದೆ. ಮಾಗಡಿ ಎಂದದ್ದೇ ತಡ, ಆಕೆ ಮೊರ ಪಕ್ಕಕ್ಕೆ ಸರಿಸಿಬಿಟ್ಟರು.

"ಏನಂದ್ರಿ ಮೇಷ್ಟ್ರೇ? ಮಾಗಡಿನಾ? ಬೆಂಗಳೂರು ಕಟ್ಟಿದ್ದು ಯಾರು?"

"ಕೆಂಪೇಗೌಡರು. 1537ರಲ್ಲಿ."

"ಬೆಂಗಳೂರು ಕೈಬಿಟ್ಟು ಹೋದಾಗ ಅವರ ವಂಶದೋರು ಎಲ್ಲಿಗೆ ಬಂದ್ರು?"

"ಮಾಗಡಿಗೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಬಂದ ಮೇಲೆ. ಸಾವನದುರ್ಗವೂ ಅವರ ಕೈಯಲ್ಲೇ ಇತ್ತು." ಇನ್ನೂ ಒಂದು ಸೇರಿಸಿದೆ. ಮೊದಲ ಕೆಂಪೇಗೌಡರು ಯಲಹಂಕದ ನಾಡಪ್ರಭು, ಆ ಯಲಹಂಕದ ಪಕ್ಕದಲ್ಲೂ ಈಗ ಒಂದು ಉಪನಗರ ಇದೆ.

"ಮತ್ತೆ? ದೊರೆ ಇದ್ದ ಊರು ನಮ್ಮದು. ಅವರು ಕಟ್ಟಿದ್ದು ಬೆಂಗಳೂರು. ಯಾರು ಯಾರ ಬಂಟ ಅನ್ನೋದನ್ನ ಆ ರೋಡು ಮಾಡೋರಿಗೆ ನೀವೇ ಒಂದು ಕಾಗದ ಬರೀರಿ" ಎಂದು ಹೇಳಿ, ಸುಲಿದ ಕಾಳನ್ನು ನೀರಿಗೆ ಹಾಕಲು ಒಳಗೆ ಹೊರಟರು. ಹಿದುಕಿದ ಬೇಳೆ ಸಾರು ಮಧ್ಯಾಹ್ನಕ್ಕೆ ನಮ್ಮ ಮನೆಗೂ ಒಂದು ಪಾತ್ರೆ ಬರುತ್ತದಂತೆ.